ಸೈಟು ಅದೇ, ಮಳೆಯೂ ಅಷ್ಟೇ

ಪ್ರಶ್ನೆ: ಈಗ ಎಲ್ಲರಿಗೂ ಒಂದೋ ಎರಡೋ ಮಕ್ಕಳು. ಆದರೂ ಬೆಂಗಳೂರಿನ ಜನಸಂಖ್ಯೆ ಏರುತ್ತಲೇ ಇದೆಯಲ್ಲ? ನಮ್ಮ 30×40 ಸೈಟಿನಲ್ಲಿ ಮೊದಲು 4 ಜನ ಇದ್ದೆವು. ಬಾಡಿಗೆ ಮನೆಗಳೂ ಸೇರಿ ಈಗ 20. ಬೋರ್‌ವೆಲ್ ಬತ್ತಿದೆ. ಮಳೆನೀರು ಹಿಡಿದರೆ ಸಾಕಾಗುತ್ತದೆಯೇ?
– ಓದುಗರು, ವಿದ್ಯಾರಣ್ಯಪುರ

ಉತ್ತರ: ಮಕ್ಕಳ ಲೆಕ್ಕ ನೀವು ಹೇಳಿದಂತೆಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಆದರೆ ಹರೆಯದವರು ಹೆಚ್ಚಿರುವ ಊರಿದು, ಹಾಗಾಗಿ ಸಾವಿಗಿಂತ ಹುಟ್ಟೇ ಹೆಚ್ಚು; ಕೆಲಸಕ್ಕೆಂದು ಬರುವವರೂ ನಿಂತಿಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ 65 ಲಕ್ಷ ಜನರಿದ್ದರು, 2011ರಲ್ಲಿ 96 ಲಕ್ಷ.

ಈಗ ನಿಮ್ಮ ಚಾವಣಿ. ಸಾವಿರ ಚದರಡಿ ಎಂದುಕೊಳ್ಳಿ. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ನೂರಕ್ಕೆ ಹದಿನೈದು ಪಾಲು ನಷ್ಟ ಕಳೆದರೂ 76 ಸಾವಿರ ಲೀಟರ್ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್‌ನಂತೆ 4 ಜನಕ್ಕೆ ಅದು ನಾಲ್ಕೂವರೆ ತಿಂಗಳು ಬರುತ್ತಿತ್ತು. 20 ಜನಕ್ಕೆ 28 ದಿನ. ಆದ್ದರಿಂದ ಮಳೆನೀರೊಂದೇ ಸಾಲದು. ಹಾಗೆಂದು ಚರಂಡಿಗೆ ಬಿಡುವುದು ದೊಡ್ಡ ತಪ್ಪು: ಸಂಪು ತುಂಬಿಸಿಕೊಂಡು ಮಿಕ್ಕಿದ್ದನ್ನು ನೀರು ನೆಲಕ್ಕಿಳಿಸುವ ಇಂಗುಬಾವಿಗೆ ಬಿಡಿ.

3 ಅಡಿ ಅಗಲ, 20 ಅಡಿ ಆಳದ ಬಾವಿ 4 ಸಾವಿರ ಲೀಟರ್ ಹಿಡಿಯುತ್ತದೆ. ಒಂದೇ ಸಂಜೆ 50 ಮಿ.ಮೀ. ಸುರಿದರೂ ನಿಮ್ಮ ಚಾವಣಿಯ ನೀರಿಗೆ ಅಷ್ಟು ಸಾಕು. ಜಿಗುಟು ಮಣ್ಣಿನ ಪದರ ದಾಟುವವರೆಗೆ ತೋಡಿಸಿ. ಕೆಲಸ ಕೆಡುವುದು ಹೆಚ್ಚಾಗಿ ಕೊನೆಯಲ್ಲಿ: ಅಚ್ಚುಕಟ್ಟಾಗಿ ಕಾಣಲೆಂದು ಬಾವಿಯ ಗೋಡೆಗೆ ಇಳಿಸಿದ ಕಾಂಕ್ರೀಟ್ ರಿಂಗುಗಳ ಸಂದಿಗೆ ಸಿಮೆಂಟು ಮೆತ್ತಿ, ತಳಕ್ಕೂ ಕಾಂಕ್ರೀಟ್ ಹಾಕಿಬಿಡುತ್ತಾರೆ. ಆಮೇಲೆ ಅದು ಬರೀ ತೊಟ್ಟಿ! ಸಂದಿ ತೆರೆದೇ ಇರಲಿ, ತಳಕ್ಕೆ ಒಂದಡಿ ದಪ್ಪ ಜಲ್ಲಿ ಹಾಕಿಸಿ. ಮಳೆಯ ಮೊದಲ 2 ಮಿ.ಮೀ., ಅಂದರೆ ಸುಮಾರು 180 ಲೀಟರ್, ಧೂಳು-ಹಿಕ್ಕೆಯ ನೀರು. ಅದನ್ನು ಹೊರಗೆ ಬಿಡುವ ವಾಲ್ವು ಇರಲೇಬೇಕು. ಕಾರು ತೊಳೆದ ನೀರು ಹನಿಯೂ ಸೇರಬಾರದು. ಬೋರ್‌ವೆಲ್ ಕೇಸಿಂಗ್ ಪೈಪಿನೊಳಕ್ಕೆ ನೇರವಾಗಿ ನೀರು ಸುರಿಯಬೇಡಿ, ಕೊಳೆ ಆಳಕ್ಕೆ ಇಳಿಯುತ್ತದೆ.

ಬೋರ್‌ವೆಲ್ ಮರುವರ್ಷವೇ ತುಂಬೀತೆಂದು ಕಾಯಬೇಡಿ. ಮೊದಲು ಏರುವುದು ಮೇಲುಪದರದ ನೀರು. ಬೀದಿಯ ಹತ್ತು ಮನೆಯವರು ಕೂಡಿ ತೋಡಿಸಿದರೆ ಫಲ ಬೇಗ.

ಪ್ರಶ್ನೆ: ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬಂದಾಯಿತಲ್ಲ, ಇನ್ನೂ ಇದೆಲ್ಲ ಏಕೆ?
– ಓದುಗರು, ಹೊರಮಾವು

ಉತ್ತರ: ಬೆಂಗಳೂರಿಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಆ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪು ಮಾಡಿ ಮೇಲೆತ್ತಿ ತರುವ ನೀರದು. ಹೊಳೆಯೇ ಸೊರಗಿದ ವರ್ಷ ಪೈಪು ಎಷ್ಟು ದಪ್ಪವಿದ್ದರೇನು? ಸಂಪರ್ಕ ಪಡೆಯಿರಿ, ಇಂಗುಬಾವಿಯ ಜಲ್ಲಿಯ ಮೇಲೆ ಕೂತ ಹೂಳನ್ನು ಪ್ರತಿ ಏಪ್ರಿಲ್‌ನಲ್ಲಿ ತೆಗೆಸುವುದನ್ನೂ ಬಿಡಬೇಡಿ.