ರೆಂಬ್ರಾಂಟನ ಭಿಕ್ಷುಕರು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

'ಬಡವರ ಕಣ್ಣೀರು ಕಂಡ ಕಲಾವಿದ' ಓದಿದೆ. ಹದಿನೇಳನೇ ಶತಮಾನದ ಡಚ್ ಕಲಾವಿದ ರೆಂಬ್ರಾಂಟನ ಭಿಕ್ಷುಕರ ಎಚ್ಚಿಂಗ್‌ಗಳ (ತಾಮ್ರದ ತಗಡಿನಿಂದ ಒತ್ತಿದ ಅಚ್ಚುಚಿತ್ರಗಳ) ಬಗ್ಗೆ ಬರೆಯಲು ಹೊರಟಿದ್ದು ಖುಷಿ ಕೊಟ್ಟಿತು. ಆದರೆ ಈಗಿರುವಂತೆ ಹಾಕಿಕೊಳ್ಳಲು ಆಗುವುದಿಲ್ಲ.

ತಾನೇ ದಿವಾಳಿಯಾಗಿದ್ದಕ್ಕೆ ಅವನಿಗೆ ಬಡವರ ನೋವು ತಿಳಿಯಿತು ಅಂತ ಬರೆದಿದ್ದೀರಿ. ಇಡೀ ಲೇಖನ ನಿಂತಿರುವುದೇ ಈ ಮಾತಿನ ಮೇಲೆ. ಅವನು ದಿವಾಳಿಯಾಗಿದ್ದು 1656ರಲ್ಲಿ. ಈ ಭಿಕ್ಷುಕರಲ್ಲಿ ಹೆಚ್ಚಿನವರು 1630ರ ಆಸುಪಾಸಿನವರು. ಆಗ ಅವನಿನ್ನೂ ಲೈಡನ್ ಊರಲ್ಲಿದ್ದ ಹುಡುಗ. ಮನೆಯವರಿಗೆ ಗಾಳಿಗಿರಣಿ ಇತ್ತು, ಉಣ್ಣಲು ಉಡಲು ಕೊರತೆ ಇರಲಿಲ್ಲ. ಅವನಿಗಿಂತ ಮೊದಲೇ ಲೊರೇನ್ ಪ್ರಾಂತ್ಯದ ಜಾಕ್ ಕಲ್ಲೋ ಭಿಕ್ಷುಕರದ್ದೇ ಒಂದು ಎಚ್ಚಿಂಗ್ ಸರಣಿ ಮಾಡಿದ್ದ. ರೆಂಬ್ರಾಂಟ್ ಅದರಿಂದ ಸಾಕಷ್ಟು ಕಲಿತ. ಕಲ್ಲೋ ಹೆಸರೇ ನಿಮ್ಮಲ್ಲಿಲ್ಲ.

ಕಾರಣ ಬಿದ್ದುಹೋಯಿತು ಅಂತ ಬೇಜಾರಾಗಬೇಡಿ, ಇನ್ನೂ ಒಳ್ಳೆಯ ಪ್ರಶ್ನೆ ಸಿಗುತ್ತದೆ. 1630ರ ಒಂದು ಚಿತ್ರದಲ್ಲಿ ದಿಬ್ಬದ ಮೇಲೆ ಕೂತು ಬಾಯಿ ತೆರೆದು ಕೈಚಾಚಿದ ಭಿಕ್ಷುಕನಿದ್ದಾನಲ್ಲ, ಅವನಿಗೆ ರೆಂಬ್ರಾಂಟ್ ತನ್ನದೇ ಮುಖ ಕೊಟ್ಟಿದ್ದಾನೆ. ಹೊಟ್ಟೆ ತುಂಬಿದ ಹುಡುಗ ಯಾಕೆ ಹಾಗೆ ಮಾಡಿದ? ಮರುಕವಾ, ವೇಷ ಹಾಕುವ ಚಟವಾ? ನೀವು ಅವನನ್ನು 'ದೀನ' ಎಂದು ಮುಗಿಸಿಬಿಟ್ಟಿರಿ. ನನಗಂತೂ ಆ ಮುಖದಲ್ಲಿ ಸಿಟ್ಟೇ ಜಾಸ್ತಿ ಕಾಣುತ್ತದೆ.

ಇನ್ನು ಮನೆಬಾಗಿಲಿನ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1632ರದ್ದರಲ್ಲಿ ಇಲಿಪಾಷಾಣ ಮಾರುವವನು ಬಂದಿದ್ದಾನೆ. ಉದ್ದ ಕೋಲಿನ ತುದಿಗೆ ಬುಟ್ಟಿ, ಅದರಿಂದ ಜೋತಾಡುವ ಸತ್ತ ಇಲಿಗಳು. ಹೆಗಲ ಮೇಲೊಂದು ಜೀವಂತ ಇಲಿ! ಮನೆಯ ಮುದುಕ ಮುಖ ತಿರುಗಿಸಿ, ಬೇಡ ಬೇಡ ಅಂತ ಕೈಯಿಂದ ತಳ್ಳುತ್ತಿದ್ದಾನೆ. 1648ರದ್ದರಲ್ಲಿ ಬೆನ್ನಿಗೆ ಕೂಸು ಕಟ್ಟಿಕೊಂಡ ಹೆಂಗಸು ಬಾಗಿಲಲ್ಲಿ ನಿಂತಿದ್ದಾಳೆ. ಮನೆಯ ಮುದುಕ ಅವಳ ಅಂಗೈಗೆ ಕಾಸು ಹಾಕುತ್ತಿದ್ದಾನೆ. ನಡುವೆ ಏನೋ ಬದಲಾಗಿದೆ, ಅಲ್ವಾ? ದಿವಾಳಿಗೆ ಆಗಲೂ ಎಂಟು ವರ್ಷ ಬಾಕಿ. ನೀವು ಎರಡಕ್ಕೂ 'ಕರುಣೆಯ ಚಿತ್ರ' ಅಂತ ಒಂದೇ ಚೀಟಿ ಅಂಟಿಸಿದ್ದೀರಿ. ಮೊದಲನೆಯದರಲ್ಲಿ ಇರುವುದು ಹೇಸಿಗೆ, ಜೊತೆಗೆ ಒಂದಿಷ್ಟು ತಮಾಷೆ.

'ಕುಂಚದ ಒಂದೊಂದು ಎಳೆಯಲ್ಲೂ' ಅಂದಿದ್ದೀರಿ. ಇಲ್ಲಿ ಕುಂಚವೇ ಇಲ್ಲ ಮಾರಾಯರೇ. ತಾಮ್ರದ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಇಡುತ್ತಾರೆ. ಗೀಚಿದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆ ಗೀರುಗಳಲ್ಲಿ ಮಸಿ ತುಂಬಿ ಕಾಗದದ ಮೇಲೆ ಅಚ್ಚು ಒತ್ತುತ್ತಾರೆ. ಮೆತ್ತನೆಯ ಲೇಪದ ಮೇಲೆ ಸೂಜಿ ಸಲೀಸಾಗಿ ಓಡುತ್ತದೆ. ಆ ಚಿಂದಿ ಬಟ್ಟೆ ಅಷ್ಟು ಸರಾಗವಾಗಿ ಬಂದಿರುವುದು ಅದರಿಂದ. ಮತ್ತೆ, ಒಂದು ತಗಡಿನಿಂದ ಎಷ್ಟೋ ಪ್ರತಿ ತೆಗೆಯಬಹುದು. ಭಿಕ್ಷುಕರ ಚಿತ್ರಕ್ಕೆ ದುಡ್ಡು ಕೊಡುವವರೂ ಇದ್ದರು ಅಂತಾಯಿತು. ಇದೂ ಬರಲಿ.

'ಮಾನವೀಯತೆ' ಪ್ಯಾರಾಕ್ಕೊಂದು ಸಲ ಬಂದಿದೆ, ಎಲ್ಲಾ ತೆಗೆಯಿರಿ. ವ್ಯಾನ್ ಗಾಗ್ ಸುಮ್ನೆ ಬಂದು ಕೂತಿದ್ದಾನೆ, ಅವನೂ ಬೇಡ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನಲ್ಲಿರುವ ರೆಂಬ್ರಾಂಟನ ಎಚ್ಚಿಂಗ್‌ಗಳನ್ನು ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ದೊಡ್ಡದು ಮಾಡಿ ನೋಡಿ, ಆಮೇಲೆ ಬರೆಯಿರಿ. ಹೊಸ ಕರಡು ಇಲಿಪಾಷಾಣದವನಿಂದಲೇ ಶುರುವಾಗಲಿ.