ಕೂಸನ್ನು ಎತ್ತಿಕೊಂಡವರು ಯಾರು?

ಓದುಗರ ಪತ್ರ (ಸಂಕ್ಷಿಪ್ತ): ನಾನು ತಿಪಟೂರು ತಾಲ್ಲೂಕಿನವನು, ನಿವೃತ್ತ ನೌಕರ, ವಯಸ್ಸು 72. ಬೆಂಗಳೂರಿನಲ್ಲಿರುವ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಎರಡೂವರೆ ವರ್ಷದ ಮೊಮ್ಮಗ ಬೆಳಿಗ್ಗೆಯಿಂದ ಸಂಜೆಯವರೆಗೆ ಡೇಕೇರಿನಲ್ಲಿರುತ್ತಾನೆ. ಮೊಬೈಲು ತೋರಿಸದೆ ತುತ್ತು ಬಾಯಿಗೆ ಹೋಗುವುದಿಲ್ಲ. ಏಳೆಂಟು ಬಿಡಿ ಮಾತುಗಳನ್ನು ಬಿಟ್ಟರೆ ಅವನಿಗೆ ಬೇರೆ ಮಾತಿಲ್ಲ. ನಮ್ಮ ಕಾಲದ ಕೂಡುಕುಟುಂಬದಲ್ಲಿ ಮಕ್ಕಳು ತಾವಾಗಿಯೇ ಬೆಳೆದವು. ನನ್ನನ್ನಂತೂ ಅಮ್ಮನಿಗಿಂತ ಹೆಚ್ಚಾಗಿ ಸೊಂಟದ ಮೇಲೆ ಹೊತ್ತು ಸಾಕಿದವಳು ನನ್ನ ಅಕ್ಕ. ಕೂಡುಕುಟುಂಬ ಒಡೆದು, ಹೆಂಗಸರು ಹೊರಗೆ ದುಡಿಯಲು ಹೊರಟದ್ದರಿಂದಲೇ ಇಂದಿನ ಮಕ್ಕಳ ಬೆಳವಣಿಗೆ ಕುಂಠಿತವಾಗಿದೆ ಎಂಬುದು ನನ್ನ ಅಭಿಪ್ರಾಯ. ಪತ್ರಿಕೆ ಇದನ್ನು ಒಪ್ಪುತ್ತದೆಯೇ?

ಸಂಪಾದಕರ ಉತ್ತರ:

ಮಾನ್ಯರೇ,

ಒಪ್ಪುವುದಿಲ್ಲ. ಏಕೆ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ, ಆದರೆ ಅದಕ್ಕೂ ಮೊದಲು ನಿಮ್ಮ ಮೊಮ್ಮಗನ ಮಾತು. ಎರಡು ವರ್ಷ ತುಂಬುವ ಹೊತ್ತಿಗೆ ಮಗು ಸಾಮಾನ್ಯವಾಗಿ ಐವತ್ತರಷ್ಟು ಪದಗಳನ್ನು ಬಳಸುತ್ತಿರುತ್ತದೆ. ‘ಅಮ್ಮ ಬಾ’, ‘ಹಾಲು ಬೇಡ’ ಎಂದು ಎರಡೆರಡು ಪದಗಳನ್ನು ಜೋಡಿಸತೊಡಗಿರುತ್ತದೆ. ಎರಡೂವರೆಯಲ್ಲಿ ಏಳೆಂಟೇ ಮಾತು ಎಂದಾದರೆ, ತಪ್ಪು ಡೇಕೇರಿನದೋ ಮೊಬೈಲಿನದೋ ಎಂದು ಮನೆಯಲ್ಲಿ ವಾದಿಸುತ್ತ ಕೂರುವ ಬದಲು ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಈ ಕೆಲಸಕ್ಕೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿಯೂ ಮಕ್ಕಳ ಬೆಳವಣಿಗೆಯ ವಿಳಂಬವನ್ನು ಗುರುತಿಸುವ ವ್ಯವಸ್ಥೆಯಿದೆ. ಗಂಡುಮಕ್ಕಳಿಗೆ ಮಾತು ಬರುವುದೇ ತಡ ಎಂದು ಸಮಾಧಾನ ಹೇಳುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅವರನ್ನು ನಂಬಿ ಇನ್ನಾರು ತಿಂಗಳು ಕಳೆಯಬೇಡಿ.

ಇನ್ನು ನಿಮ್ಮ ಪ್ರಶ್ನೆ. ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಅಕ್ಕನ ಕುರಿತ ವಾಕ್ಯ. ಅವರು ಎಷ್ಟನೆಯ ತರಗತಿಯವರೆಗೆ ಓದಿದರು ಎಂಬುದನ್ನು ನೀವು ಬರೆದಿಲ್ಲ. ಆ ಕಾಲದ ನಮ್ಮ ಹಳ್ಳಿಗಳನ್ನು ಬಲ್ಲ ಯಾರಿಗಾದರೂ ಈ ಚಿತ್ರ ಪರಿಚಿತವೇ: ರಾಗಿ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿರುತ್ತಿದ್ದರು, ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಅದನ್ನು ತೂಗುತ್ತ, ಇರುವೆ ಹತ್ತದಂತೆ ನೋಡಿಕೊಳ್ಳುತ್ತ, ಕೂಸು ಹಸಿದು ಅತ್ತರೆ ಸಾಲಿನ ನಡುವೆ ಬಗ್ಗಿರುವ ತಾಯಿಯ ಬಳಿಗೆ ಎತ್ತಿಕೊಂಡು ಓಡುತ್ತಿದ್ದಳು. ಅವಳು ಶಾಲೆಗೆ ಬಂದರೂ ಕಂಕುಳಲ್ಲಿ ಕೂಸು ಇರುತ್ತಿತ್ತು. ಅದು ರಚ್ಚೆ ಹಿಡಿದಾಗ ಮೇಷ್ಟ್ರು ‘ಹೊರಗೆ ಕರಕೊಂಡು ಹೋಗಮ್ಮ’ ಎನ್ನುತ್ತಿದ್ದರು, ಕೂಸಿನೊಂದಿಗೆ ಅವಳೂ ಪಾಠದಿಂದ ಹೊರಗಾಗುತ್ತಿದ್ದಳು. ಕೆಲವು ದಿನ ಹೀಗೆ ನಡೆದ ಮೇಲೆ ಅವಳು ಬರುವುದನ್ನೇ ಬಿಡುತ್ತಿದ್ದಳು. ಅದನ್ನು ಯಾರೂ ಶಾಲೆ ಬಿಡಿಸಿದ್ದೆಂದು ಕರೆಯುತ್ತಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯಲ್ಲ. ಜಗತ್ತಿನ ಅನೇಕ ಸಮಾಜಗಳ ವಿವರಗಳನ್ನು ಹೋಲಿಸಿ ನೋಡಿದ ತಾಮಸ್ ವೈಸ್ನರ್ ಮತ್ತು ರೊನಾಲ್ಡ್ ಗ್ಯಾಲಿಮೋರ್ ಎಂಬ ಸಂಶೋಧಕರು 1977ರಲ್ಲಿಯೇ, ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ತಾಯಿಯೊಬ್ಬಳದೇ ಆಗಿರುವುದು ಅಪರೂಪ, ಅದರಲ್ಲಿ ಹಿರಿಯ ಮಕ್ಕಳ ಪಾಲು ದೊಡ್ಡದು ಎಂದು ತೋರಿಸಿಕೊಟ್ಟಿದ್ದರು. ನಮ್ಮ ಸರ್ಕಾರಕ್ಕೂ ಇದು ಗೊತ್ತಿರಲಿಲ್ಲವೆಂದಲ್ಲ. ತಮ್ಮಂದಿರು, ತಂಗಿಯರನ್ನು ನೋಡಿಕೊಳ್ಳುತ್ತಿರುವ ಹೆಣ್ಣುಮಕ್ಕಳು ಶಾಲೆಗೆ ಹೋಗುವಂತಾಗಲು ಶಿಶುಪಾಲನಾ ಕೇಂದ್ರಗಳನ್ನು ತೆರೆಯಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ನೇರವಾಗಿಯೇ ಹೇಳಿತು. ಅದೇ ವರ್ಷ ಬಂದ ಬಾಲಕಾರ್ಮಿಕ ಕಾಯ್ದೆಯ ಕಣ್ಣಿಗೆ ಮಾತ್ರ ಮನೆಯೊಳಗಿನ ಈ ದುಡಿಮೆ ಬೀಳಲಿಲ್ಲ.

ಆದ್ದರಿಂದ, ನೀವು ಕೂಡುಕುಟುಂಬದ ಹಿರಿಮೆ ಎಂದು ನೆನೆಯುತ್ತಿರುವುದರಲ್ಲಿ ಒಂದು ದೊಡ್ಡ ಪಾಲು, ಒಂದು ಮಗುವಿನ ಬಾಲ್ಯಕ್ಕಾಗಿ ಇನ್ನೊಂದು ಮಗು ತೆತ್ತ ಬೆಲೆ. ಆ ಬೆಲೆಯನ್ನು ಈಗಿನ ಹುಡುಗಿಯರು ಮೊದಲಿನಷ್ಟು ತೆರುತ್ತಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ 1991ರಲ್ಲಿ ಶೇ 44ರಷ್ಟಿದ್ದದ್ದು 2011ರ ಜನಗಣತಿಯ ವೇಳೆಗೆ ಶೇ 68ಕ್ಕೆ ಏರಿತು. ಎಳೆಯ ಮಕ್ಕಳ ಬದುಕಿನಲ್ಲಿ ಈಗ ಕಾಣುತ್ತಿರುವ ಖಾಲಿ ಜಾಗದ ಮೂಲ ಇಲ್ಲೂ ಇದೆ: ಅಕ್ಕ ಶಾಲೆಗೆ ಹೋದಳು, ಅವಳ ಜಾಗಕ್ಕೆ ಯಾರನ್ನೂ ತರಲಿಲ್ಲ.

ಮಕ್ಕಳು ತಾವಾಗಿಯೇ ಬೆಳೆದವು ಎಂಬ ಮಾತಿಗೂ ಒಂದು ತಕರಾರಿದೆ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಈ ಸಂಖ್ಯೆ 28. ನೀವು ಹುಟ್ಟಿದ ಕಾಲದಲ್ಲಿ ಸ್ಥಿತಿ ಇನ್ನೂ ಕೆಟ್ಟದಿತ್ತು. ಹಳೆಯ ಬಾಲ್ಯದ ನೆನಪುಗಳನ್ನು ಬರೆಯುವವರೆಲ್ಲರೂ ಬದುಕುಳಿದವರು ಎಂಬುದು ನಮಗೆ ಮರೆತುಹೋಗುತ್ತದೆ. ಅಜ್ಜ ಅಜ್ಜಿಯರ ವಿಷಯವೂ ಹಾಗೆಯೇ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. (ಶಿಶುಮರಣ ಹೆಚ್ಚಿದ್ದುದರಿಂದ ಆ ಸರಾಸರಿ ಅಷ್ಟು ಕೆಳಗಿಳಿದಿತ್ತು ಎಂಬುದನ್ನು ಸೇರಿಸದಿದ್ದರೆ ನಿಮ್ಮ ಹಾಗೆ ಎಚ್ಚರದಿಂದ ಓದುವವರು ನನ್ನನ್ನು ಬಿಡುವುದಿಲ್ಲ.) ಅಜ್ಜ, ಅಜ್ಜಿ ನಾಲ್ವರನ್ನೂ ಕಂಡ ಮಕ್ಕಳು ಅಂದಿಗಿಂತ ಇಂದೇ ಹೆಚ್ಚು. ವ್ಯತ್ಯಾಸವೆಂದರೆ, ಒಬ್ಬರು ತಿಪಟೂರಿನಲ್ಲಿರುತ್ತಾರೆ, ಇನ್ನೊಬ್ಬರು ಬೆಂಗಳೂರಿನಲ್ಲಿರುತ್ತಾರೆ.

ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೇ? ಇದೆ, ಮತ್ತು ಅದು ಸಣ್ಣದಲ್ಲ. ನೀವು ಬೆಳೆದ ಬೀದಿಯಲ್ಲಿ ಮಕ್ಕಳು ವಯಸ್ಸಿನ ಲೆಕ್ಕದಲ್ಲಿ ವಿಂಗಡಣೆಯಾಗಿರಲಿಲ್ಲ. ಹತ್ತು ವರ್ಷದವರ ಕುಂಟೆಬಿಲ್ಲೆಯಲ್ಲಿ, ಕಣ್ಣಾಮುಚ್ಚಾಲೆಯಲ್ಲಿ ಮೂರು ವರ್ಷದ ತಮ್ಮನಿಗೂ ಒಂದು ಜಾಗವಿತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಸಿಕ್ಕಿಬಿದ್ದರೂ ಔಟಾಗುತ್ತಿರಲಿಲ್ಲ; ಸೋಲಿನ ಭಯವಿಲ್ಲದೆ ದೊಡ್ಡವರ ಕಾಲಡಿಯಲ್ಲಿ ಓಡಾಡುತ್ತ, ಸರದಿ ಕಾಯುವುದನ್ನು, ನಿಯಮಕ್ಕಾಗಿ ಜಗಳವಾಡುವುದನ್ನು, ಜಗಳವಾಡಿದವನೊಂದಿಗೇ ಮರುದಿನ ಆಡುವುದನ್ನು ಕಲಿಯುತ್ತಿದ್ದನು. ಅವನಿಗೆ ಆಟ ಹೇಳಿಕೊಡುವ ಹತ್ತು ವರ್ಷದವನೂ ಅಷ್ಟೇ ಕಲಿಯುತ್ತಿದ್ದನು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1992–93ರಲ್ಲಿ 2.9ರ ಹತ್ತಿರವಿದ್ದದ್ದು 2019–21ರ ವೇಳೆಗೆ 1.7ಕ್ಕೆ ಇಳಿದಿದೆ. ಮನೆಯಲ್ಲಿ ಒಂದೇ ಮಗು, ಡೇಕೇರಿನಲ್ಲಿ ಅದೇ ವಯಸ್ಸಿನ ಹತ್ತು ಮಕ್ಕಳು, ಬೀದಿಯಲ್ಲಿ ವಾಹನಗಳು. ತನಗಿಂತ ಐದಾರು ವರ್ಷ ದೊಡ್ಡ ಮಗುವಿನ ಜೊತೆ ದಿನವೂ ಆಡುವ ಅವಕಾಶ ನಿಮ್ಮ ಮೊಮ್ಮಗನಿಗೆ ಬಹುಶಃ ಇಲ್ಲ. ಹಿಂದಿನ ಏರ್ಪಾಡಿನಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದಾದರೂ ಇದ್ದರೆ ನನ್ನ ದೃಷ್ಟಿಯಲ್ಲಿ ಇದು, ಮತ್ತು ಇದಕ್ಕೆ ಯಾವ ಹುಡುಗಿಯೂ ಶಾಲೆ ಬಿಡಬೇಕಾಗಿಲ್ಲ.

ಮೊಬೈಲಿನ ಬಗ್ಗೆ ನಿಮ್ಮ ಅನುಮಾನ ಸರಿಯಾಗಿದೆ. 2003ರಲ್ಲಿ ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇಂಗ್ಲಿಷ್ ಮನೆಮಾತಿನ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದಗಳನ್ನು ಹಿಡಿದವು. ಅದೇ ಜನ, ಅದೇ ಮಾತು ಟಿ.ವಿ. ಪರದೆಯಿಂದ ಬಂದಾಗ ಏನನ್ನೂ ಹಿಡಿಯಲಿಲ್ಲ. ಮಗು ‘ಬೂ’ ಎಂದಾಗ ‘ಹೌದು ಕಂದ, ಬಸ್ಸು ಹೋಯ್ತು’ ಎಂದು ಯಾರಾದರೂ ಓಗೊಡಬೇಕು, ಪರದೆ ಓಗೊಡುವುದಿಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಊಟದ ಹೊತ್ತು ಮಾತಿನ ಹೊತ್ತು ಆಗಬೇಕಾದ್ದರಿಂದ ಮೊಬೈಲನ್ನು ಮೊದಲು ತೆಗೆಯಬೇಕಾದ್ದು ಅಲ್ಲಿಂದಲೇ. ಮೊದಲ ಒಂದು ವಾರ ಅಳು, ಅರೆಹೊಟ್ಟೆ ಎರಡೂ ಇರುತ್ತವೆ.

ಆದರೆ ತಾಯಿ ದುಡಿಯಲು ಹೋದದ್ದೇ ಕಾರಣವೆಂಬುದಕ್ಕೆ ಆಧಾರವಿಲ್ಲ. ರೊಮೇನಿಯಾದ ಅನಾಥಾಲಯಗಳ ಮಕ್ಕಳ ಮೇಲೆ 2000ದಿಂದೀಚೆಗೆ ಬುಖಾರೆಸ್ಟ್‌ನಲ್ಲಿ ನಡೆದ ದೀರ್ಘ ಅಧ್ಯಯನ ತೋರಿಸಿದ್ದು ಬೇರೆಯದನ್ನು. ಪಾಳಿಯ ಮೇಲೆ ಬದಲಾಗುವ ಕೆಲಸದವರ ಕೈಯಲ್ಲಿ ಸಾಲು ಮಂಚಗಳಲ್ಲಿ ಬೆಳೆದ ಮಕ್ಕಳು ಬುದ್ಧಿ, ಮಾತು, ನಂಟು ಎಲ್ಲದರಲ್ಲೂ ಹಿಂದುಳಿದಿದ್ದವು. ಅವರಲ್ಲಿ ಪಾಲಕ ಕುಟುಂಬಗಳಿಗೆ ಹೋದವರು, ಅದರಲ್ಲಿಯೂ ಎರಡು ವರ್ಷದೊಳಗೆ ಹೋದವರು ಗಮನಾರ್ಹವಾಗಿ ಚೇತರಿಸಿಕೊಂಡರು. ಆ ಕುಟುಂಬದವರು ಹೆತ್ತವರಾಗಿರಲಿಲ್ಲ. ಅಲ್ಲಿ ಸಿಕ್ಕಿದ್ದು ದಿನವೂ ಅದೇ ಮುಖ, ಅಳುವಿಗೆ ಓಗೊಡುವ ಅದೇ ಕೈ. ನಿಮ್ಮ ಮೊಮ್ಮಗನ ಡೇಕೇರನ್ನು ಅಳೆಯಬೇಕಾದದ್ದೂ ಇದೇ ಅಳತೆಯಲ್ಲಿ: ಒಬ್ಬ ಆಯಾಗೆ ಎಷ್ಟು ಮಕ್ಕಳು, ಎರಡು ತಿಂಗಳಿಗೊಮ್ಮೆ ಆಯಾ ಬದಲಾಗುತ್ತಾರೆಯೇ, ತಿನ್ನಿಸುವಾಗ ಮಾತಾಡಿಸುತ್ತಾರೆಯೇ ಅಥವಾ ಅಲ್ಲಿಯೂ ಟಿ.ವಿ. ಹಾಕಿಡುತ್ತಾರೆಯೇ, ಹೇಳದೆ ಕೇಳದೆ ಹೋದರೆ ಒಳಗೆ ಬಿಡುತ್ತಾರೆಯೇ. ಈ ವಿಚಾರಣೆಗೆ ಮಗನೂ ಹೋಗಲಿ. ಪತ್ರದಲ್ಲಿ ನೀವು ಇಬ್ಬರ ಕೆಲಸವನ್ನೂ ಹೇಳಿದ್ದೀರಿ, ದೂರು ಮಾತ್ರ ಹೆಂಗಸರ ದುಡಿಮೆಯ ಮೇಲಿದೆ.

ಜಗಳವಾಡಲೇಬೇಕೆಂದಿದ್ದರೆ ಜಾಗ ಬೇರೆಯಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದು ಬಂದದ್ದು ತಿ.ನರಸೀಪುರಕ್ಕೆ. ಇಂದು ಆ ಯೋಜನೆಯಡಿ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಅಂಗನವಾಡಿಯಲ್ಲಿ ಕೂತು ಆಡಿ ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರರ ಒಳಗಿನವರಿಗೆ ಮುಖ್ಯವಾಗಿ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ, ಚುಚ್ಚುಮದ್ದು, ತೂಕ. ಇತ್ತ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದಾಯಿತು. ಕೂಲಿಗೆ, ಮನೆಗೆಲಸಕ್ಕೆ ಹೋಗುವ ತಾಯಂದಿರಿಗೆ ಅದೂ ಇಲ್ಲ. ಆರು ತಿಂಗಳಿಂದ ಮೂರು ವರ್ಷದವರೆಗೆ, ಅಂದರೆ ಮಾತು, ನಡಿಗೆ, ನಂಟು ಎಲ್ಲವೂ ಮೂಡುವ ಕಾಲದಲ್ಲಿ, ಹಗಲು ಹೊತ್ತು ಮಗು ಯಾರ ಕೈಯಲ್ಲಿರಬೇಕೆಂಬುದನ್ನು ಪ್ರತಿ ಮನೆಯೂ ತನ್ನ ಕಿಸೆಗೆ ತಕ್ಕಂತೆ ಬಗೆಹರಿಸಿಕೊಳ್ಳಬೇಕಾಗಿದೆ. ಹಣವಿದ್ದವರಿಗೆ ಡೇಕೇರು, ಇಲ್ಲದವರಲ್ಲಿ ಇಂದಿಗೂ ಹಲವರಿಗೆ ಅದೇ ಹಿರಿಯ ಮಗಳು.

ಉದ್ಯೋಗ ಖಾತರಿ ಕೂಲಿಕಾರರ ಮೂರು ವರ್ಷದೊಳಗಿನ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿತ್ತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ, ತಾಯಂದಿರು ಕೆಲಸ ಮುಗಿಸಿ ಬರುವವರೆಗೂ ತೆರೆದಿರುತ್ತದೆಯೇ, ಆರೈಕೆ ಮಾಡುವವರಿಗೆ ಕೂಲಿ ಸಮಯಕ್ಕೆ ಸಿಗುತ್ತಿದೆಯೇ ಎಂಬುದನ್ನು ಒಮ್ಮೆ ಹೋಗಿ ನೋಡಿ ಬರೆದು ಕಳುಹಿಸಿ. ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ