ತೋಪಿನ ಸೈಟಿಗೆ ಹುಣಸೆಹಣ್ಣು ಬೇಡ

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ‘ಡಯಲ್ ಸೈಟ್ ನಂ. 7’, 1917 ಎಂದು ಕೆತ್ತಿರುವ ದುರ್ಬೀನಿನಂಥ ವಸ್ತು ಸಿಕ್ಕಿತು. ತಲೆ ಸುತ್ತಲೂ ತಿರುಗುತ್ತದೆ. ಗಾಜಿನೊಳಗೆ ಹಳದಿ ಕಲೆ ಇದೆ. ಬಿಚ್ಚಿ ಒರೆಸಬಹುದೇ? ಹುಣಸೆಹಣ್ಣು ಹಾಕಿ ಉಜ್ಜು ಅಂತಾರೆ ಅಮ್ಮ.

ಉತ್ತರ: ನಿಮ್ಮ ಕೈಲಿರುವುದು ತೋಪಿಗೆ, ಅಂದರೆ ಫಿರಂಗಿಗೆ, ಗುರಿ ಹಿಡಿಯುವ ದುರ್ಬೀನು. ‘ಸೈಟ್’ ಅನ್ನುವುದು ಇದಕ್ಕೇ. ಹುಣಸೆಹಣ್ಣು ಖಂಡಿತ ಬೇಡ! ಆ ಹುಳಿ ಡಿಗ್ರಿ ಗೆರೆಗಳಲ್ಲಿ ತುಂಬಿರುವ ಬಣ್ಣವನ್ನು ಕಿತ್ತು, ಸಂದಿಗಿಳಿದು ಕೂತುಬಿಡುತ್ತದೆ. ಮೈಮೇಲಿನ ಹಳೇ ಬಣ್ಣ, ಸರ್ಕಾರದ ಸ್ವತ್ತೆಂದು ಒತ್ತಿದ ಬಾಣದ ಗುರುತು, ಇಸವಿ, ಇವೇ ಅದರ ಬೆಲೆ. ಅಂಗಡಿಗಳಲ್ಲಿ ಫಳಫಳ ಹೊಳೆಯುವ ಸೈಟುಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ಕೊಡವಿ, ಒಣಬಟ್ಟೆಯಲ್ಲಿ ಒರೆಸಿ, ಸಾಕು.

ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ 18-ಪೌಂಡರ್ ತೋಪಿನ ಮೇಲೆ ಇದ್ದದ್ದು ಇದೇ. ಗುಡ್ಡದ ಹಿಂದಿನಿಂದ ಗುಂಡು ಹಾರಿಸುವಾಗ ಶತ್ರು ಕಾಣುವುದಿಲ್ಲ, ಅಲ್ವಾ? ಹಾಗಾಗಿ ಗನ್ನರ್ ದೂರದ ಚರ್ಚ್ ಗೋಪುರವನ್ನೋ ನೆಟ್ಟ ಕೋಲನ್ನೋ ಸೈಟಿನಲ್ಲಿ ಹಿಡಿದು, ಅಲ್ಲಿಂದ ಇಷ್ಟು ಡಿಗ್ರಿ ಅಂತ ತೋಪನ್ನು ತಿರುಗಿಸುತ್ತಿದ್ದ. ತೋಪಿನ ಹಿಂದೆ ಇರುವ ಗೋಪುರವಾದರೂ ಸರಿ, ತಲೆ ತಿರುಗಿಸಿದರೆ ಆಯಿತು. ಕಣ್ಣಿಡುವ ಕಡೆ ಮಾತ್ರ ಅಲ್ಲಾಡುವುದಿಲ್ಲ. ಆಗ ಚಿತ್ರ ಓರೆಯಾಗಬೇಕಿತ್ತು. ಆದರೆ ನಡುವಿನ ಒಂದು ಪ್ರಿಸಂ ತಲೆಯ ಅರ್ಧ ವೇಗದಲ್ಲಿ ತಿರುಗಿ ಅದನ್ನು ನೆಟ್ಟಗೆ ಇಡುತ್ತದೆ. ಎಂಥ ಬುದ್ಧಿ ನೋಡಿ!

ನೀವೇ ಪರೀಕ್ಷಿಸಬಹುದು. ಕಿಟಕಿಯಿಂದ ದೂರದ ಚಿಮಣಿ ನೋಡುತ್ತಾ ಸೈಟನ್ನು ನೆಟ್ಟಗೆ ಹಿಡಿದುಕೊಳ್ಳಿ. ಸೂರ್ಯನ ಕಡೆ ಮಾತ್ರ ಬೇಡ. ಚಿಮಣಿ ವಾಲಿದಂತೆ ಕಂಡರೆ ಹಿಂದೆ ಯಾರೋ ಬಿಚ್ಚಿ, ಜೋಡಿಸುವಾಗ ಗಿಯರಿನ ಹಲ್ಲು ತಪ್ಪಿಸಿರುವ ಸಂಭವ ಜಾಸ್ತಿ. ನಾನು ಬಿಚ್ಚಬೇಡಿ ಅನ್ನುವುದು ಇದಕ್ಕೇ.

ಹಳದಿ ಕಲೆ ಬಹುಶಃ ಕೆನಡಾ ಬಾಲ್ಸಂ. ಎರಡು ಲೆನ್ಸುಗಳನ್ನು ಅಂಟಿಸುತ್ತಿದ್ದ ಮರದ ಅಂಟು ಅದು. ವಯಸ್ಸಾದ ಮೇಲೆ ಹಳದಿಯಾಗಿ ಅಂಚಿನಿಂದ ಬಿಡುತ್ತದೆ. ಒರೆಸಿದರೆ ಹೋಗುವಂಥದ್ದಲ್ಲ. ನೋಟ ಸ್ಪಷ್ಟವಾಗಿದ್ದರೆ ಸುಮ್ನೆ ಬಿಟ್ಟುಬಿಡಿ. ಬಲೆಯಂಥ ಬಿಳಿ ಎಳೆಗಳಿದ್ದರೆ ಮಾತ್ರ ಅದು ಬೂಷ್ಟು. ಆಗ ತಿಳಿದವರಿಗೆ ಒಪ್ಪಿಸಿ.

ಇನ್ನೊಂದು ಎಚ್ಚರಿಕೆ. ಹಳೇ ಸೇನಾ ಉಪಕರಣಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ವಿಕಿರಣ ಸೂಸುವ ರೇಡಿಯಂ ಬಣ್ಣ ಬಳಿದದ್ದುಂಟು. ಹೊಳಪು ಸತ್ತರೂ ರೇಡಿಯಂ ಸಾಯುವುದಿಲ್ಲ. ಅದು ಅರ್ಧವಾಗಲು 1600 ವರ್ಷ ಬೇಕು. ಒಣಗಿ ಕಂದಾದ ಬಣ್ಣ ಕಂಡರೆ ಕೆರೆಯಬೇಡಿ, ಬ್ರಷ್ಷನ್ನೂ ಆಡಿಸಬೇಡಿ.

ಮುಂದೆ ಇದರ ಚರ್ಮದ ಪೆಟ್ಟಿಗೆಯೂ ಸಿಕ್ಕರೆ ತಗೊಳ್ಳಿ, ಆದರೆ ಸೈಟನ್ನು ಅದರೊಳಗೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಜಿನ ಬೀರುವಿನಲ್ಲಿಡಿ.